ಮನೆಬಾಗಿಲಿಗೆ ಬರುವ ಆಟ

ಭಾದ್ರಪದ ಶುದ್ಧ ಚೌತಿಗೆ ಗಣಪ ಬರುತ್ತಾನೆ. ಅವನ ಬೆನ್ನಿಗೇ, ಅಷ್ಟಮಿಯ ದಿನ, ಇನ್ನೊಬ್ಬ ಬರುತ್ತಾನೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸುತ್ತಿನ ಹಳ್ಳಿಗಳಲ್ಲಿ ಬೆಳೆದವರಿಗೆ ಅವನ ಪರಿಚಯ ಮಾಡಿಕೊಡಬೇಕಾಗಿಲ್ಲ. ಬುಟ್ಟಿಯ ತುಂಬ ಬೇವಿನ ತಪ್ಪಲು. ತಪ್ಪಲಿನ ನಡುವೆ ಅಗಲ ಮುಖದ, ದೊಡ್ಡ ಕಣ್ಣಿನ, ಬಾಯಿ ತೆರೆದ ಮಣ್ಣಿನ ಮೂರ್ತಿ. ತುಟಿಗೆ ಮೆತ್ತಿದ ಬೆಣ್ಣೆ. ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ತಂದ ಹೆಂಗಸರು ಅದನ್ನು ಅಂಗಳದಲ್ಲಿಳಿಸಿ, ಸುತ್ತ ಕುಳಿತು ಹಾಡುತ್ತಾರೆ. ಮನೆಯೊಡತಿ ಮೊರದಲ್ಲಿ ಜೋಳ ತಂದು ನೀಡುತ್ತಾಳೆ. ಜೋಕುಮಾರ ಬಂದನೆಂದು ಓಣಿಗೆಲ್ಲ ತಿಳಿಯುತ್ತದೆ.

ಗಣಪನಿಗೂ ಇವನಿಗೂ ಇರುವ ಅಂತರವನ್ನು ನಮ್ಮ ಜನ ಒಂದು ಕಥೆಯಲ್ಲಿ ಹೇಳಿಬಿಟ್ಟಿದ್ದಾರೆ. ಗಣಪ ಕೈಲಾಸಕ್ಕೆ ಮರಳಿ, ಭೂಲೋಕದಲ್ಲಿ ಎಲ್ಲರೂ ಸುಖವಾಗಿದ್ದಾರೆಂದು ತಂದೆಗೆ ವರದಿ ಒಪ್ಪಿಸುತ್ತಾನಂತೆ. ಅವನಿಗೆ ಸಿಕ್ಕಿದ್ದು ಕಡುಬು, ಮೋದಕ, ಬೇರೇನು ಹೇಳಿಯಾನು? ಜೋಕುಮಾರನಾದರೋ ಬಡವರ ಕೇರಿಗಳನ್ನು ಸುತ್ತಿದವನು, ಅಂಬಲಿ ನುಚ್ಚು ಉಂಡವನು, ಬಾಯಿಬಿಟ್ಟ ಹೊಲಗಳನ್ನು ಕಣ್ಣಾರೆ ನೋಡಿದವನು. ಅವನು ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ ಮೇಲೆಯೇ ಶಿವನು ಮಳೆಯನ್ನು ಕಳಿಸುತ್ತಾನೆ. ವರ್ಷಕ್ಕೆ ೬೦೦ ಮಿಲಿಮೀಟರು ಮಳೆ ಬಿದ್ದರೆ ಒಳ್ಳೆಯ ವರ್ಷವೆನ್ನುವ ಸೀಮೆ ಇದು. ಹಿಂಗಾರಿ ಜೋಳದ ಬಿತ್ತಿಗೆಗೆ ಉತ್ತರಿ ಮಳೆ, ಹಸ್ತದ ಮಳೆ ಬರಲೇಬೇಕು. ಜೋಕುಮಾರ ಬರುವುದೂ ಆ ಮಳೆಗಳ ಹೊಸ್ತಿಲಲ್ಲಿಯೇ.

ಅವನ ಆಯುಷ್ಯ ಏಳು ದಿನದ್ದು. ಅಂಬಿಗರ ಮನೆಯ ಹೆಂಗಸರು, ಕೆಲವು ಊರುಗಳಲ್ಲಿ ತಳವಾರರ ಇಲ್ಲವೆ ಬಾರಿಕೇರ ಮನೆಯವರು, ಅವನನ್ನು ಹೊತ್ತು ಊರೂರು ತಿರುಗುತ್ತಾರೆ. ಹುಣ್ಣಿವೆಯ ರಾತ್ರಿ ಅವನು ಸಾಯುತ್ತಾನೆ, ಅಂದರೆ ಅವನನ್ನು ಕೊಲ್ಲುತ್ತಾರೆ. ಅಗಸರ ಹುಡುಗಿಯ ಮೇಲೆ ಕಣ್ಣು ಹಾಕಿ ಅಗಸರ ಕೈಯಿಂದಲೇ ಸತ್ತನೆಂದು ಕಥೆ. ಮೂರ್ತಿ ಹೊಳೆಯ ಪಾಲಾಗುತ್ತದೆ. ಅಲ್ಲಿಂದ ಮುಂದೆ ಮೂರು ದಿನ ಅಗಸರು ಹೊಳೆಗೆ ಬಟ್ಟೆ ಒಗೆಯಲು ಹೋಗಬಾರದೆಂಬುದು ಹಳೆಯ ರೂಢಿ.

ಇದನ್ನು ಪೂಜೆಯೆನ್ನಬೇಕೋ, ಹಾಡೆನ್ನಬೇಕೋ, ಆಟವೆನ್ನಬೇಕೋ? ಮೂರೂ ಅಹುದು. ಇಲ್ಲಿ ನಾನು ಕೇಳಬೇಕೆಂದಿರುವ ಪ್ರಶ್ನೆ ಬೇರೆ. ಹಳ್ಳಿಯ ಆಟಗಳನ್ನು ಕುರಿತು ನಾವು ಯಾವಾಗಲೂ ‘ಅನಾದಿ ಕಾಲದ್ದು’ ಎಂದು ಬರೆಯುತ್ತೇವೆ. ಅದರಲ್ಲಿ ನಿಜವಾಗಿ ಹಳೆಯದು ಯಾವುದು, ನಿನ್ನೆ ಮೊನ್ನೆಯದು ಯಾವುದು? ಈ ಲೆಕ್ಕದಲ್ಲಿ ಇಂಗ್ಲಂಡದ ಪಂಡಿತರು ಒಮ್ಮೆ ಚೆನ್ನಾಗಿ ಎಡವಿದ್ದಾರೆ. ಅವರ ಕಥೆ ನಮಗೆ ಉಪಯೋಗವಾದೀತು. ಆದ್ದರಿಂದ ಕೆಲ ಹೊತ್ತು ಅಲ್ಲಿಗೆ ಹೋಗಿಬರೋಣ.

ಇಂಗ್ಲಂಡದಲ್ಲಿ ಕ್ರಿಸ್ಮಸ್ ಹಬ್ಬದ ಸುಮಾರಿಗೆ ಕೆಲವು ಹಳ್ಳಿಗಳ ಗಂಡಸರು ವೇಷ ಹಾಕಿ ಮನೆಮನೆಗೆ ಹೋಗುವ ಪದ್ಧತಿಯಿದೆ. ಅವರಿಗೆ ‘ಮಮ್ಮರ’ರೆಂದು ಹೆಸರು. ಆಟ ಬಹಳ ಚಿಕ್ಕದು, ಕಾಲು ತಾಸಿನೊಳಗೆ ಮುಗಿಯುವಂಥದು. ಕ್ರಿಸ್ಮಸ್ ಅಜ್ಜ ಬಂದು ಜಾಗ ಬಿಡಿರೆಂದು ಕೂಗುತ್ತಾನೆ. ಸೇಂಟ್ ಜಾರ್ಜನೆಂಬ ವೀರ ಬಂದು ತನ್ನ ಪರಾಕ್ರಮವನ್ನು ತಾನೇ ಹೊಗಳಿಕೊಳ್ಳುತ್ತಾನೆ. ಅವನಿಗೆದುರಾಗಿ ತುರ್ಕರ ಸರದಾರನೊಬ್ಬ ಬರುತ್ತಾನೆ. ಮರದ ಕತ್ತಿಗಳ ಕಾಳಗವಾಗಿ ಇಬ್ಬರಲ್ಲೊಬ್ಬ ಸತ್ತು ಬೀಳುತ್ತಾನೆ. ಆಗ ವೈದ್ಯನ ಪ್ರವೇಶ. ಈ ವೈದ್ಯ ಮೊದಲು ತಾನು ತಿರುಗಿದ ದೇಶಗಳ ಪಟ್ಟಿಯನ್ನು ಒಪ್ಪಿಸಿ, ಆಮೇಲೆ ಫೀಯ ಚೌಕಾಶಿ ಮಾಡಿ, ಕೊನೆಗೆ ಸೀಸೆಯೊಳಗಿನ ಎರಡು ಹನಿ ಬಿಟ್ಟು ಸತ್ತವನನ್ನು ಎಬ್ಬಿಸುತ್ತಾನೆ. ಕಸಬರಿಗೆ ಹಿಡಿದ ಪುಟ್ಟ ದೆವ್ವವೊಂದು ಬಂದು ದುಡ್ಡು ಕೇಳುತ್ತದೆ. ಮನೆಯವರು ಕಾಸು ಕೊಟ್ಟು, ಕುಡಿಯಲು ಕೊಟ್ಟು ಕಳಿಸುತ್ತಾರೆ. ನಮ್ಮ ಅಂಗಳಕ್ಕೆ ಬರುವ ಹಗಲುವೇಷದವರನ್ನು ನೆನೆಸಿಕೊಳ್ಳಿರಿ. ಚಿತ್ರ ಕಣ್ಣಿಗೆ ಕಟ್ಟುತ್ತದೆ.

ಮಾತುಗಳು ಬಾಯಿಂದ ಬಾಯಿಗೆ ಬಂದವು. ಆದುದರಿಂದ ಅಪಭ್ರಂಶವೂ ಬಹಳ. ತುರ್ಕ ಸರದಾರನಿಗೆ ಅವರ ಭಾಷೆಯಲ್ಲಿ ‘ಟರ್ಕಿಶ್ ನೈಟ್’ ಎಂದು ಹೆಸರು. ಕೆಲವು ಹಳ್ಳಿಗಳಲ್ಲಿ ಅದು ‘ಟರ್ಕಿ ಸ್ನೈಪ್’ ಆಗಿದೆ. ಸ್ನೈಪ್ ಎಂದರೆ ಕೆಸರಿನಲ್ಲಿ ಹುಳ ಹೆಕ್ಕುವ ಒಂದು ಹಕ್ಕಿ! ಆಡುವವರು ಅದನ್ನು ಅಷ್ಟೇ ಗಂಭೀರವಾಗಿ ಹೇಳುತ್ತ ಬಂದರು.

ಈ ಆಟದ ಮೇಲೆ ಪಂಡಿತರ ಕಣ್ಣು ಬಿದ್ದಾಗ ಅವರಿಗೆ ರೋಮಾಂಚವಾಯಿತು. ಚಳಿಗಾಲದ ನಟ್ಟನಡುವೆ ಒಬ್ಬ ಸಾಯುತ್ತಾನೆ, ಮತ್ತೆ ಏಳುತ್ತಾನೆ. ಇದು ಸೂರ್ಯ ಸತ್ತು ಹುಟ್ಟುವುದಲ್ಲವೆ? ಬೀಜ ಮಣ್ಣಿಗಿಳಿದು ಮೊಳೆಯುವುದಲ್ಲವೆ? ಕ್ರೈಸ್ತಧರ್ಮ ಬರುವ ಮೊದಲಿನ ಯಾವುದೋ ಯಜ್ಞದ ಉಳಿಕೆ ಇರಬೇಕು! ಆಕ್ಸಫರ್ಡಿನ ಟಿಡ್ಡಿ ಎಂಬ ವಿದ್ವಾಂಸರು ಹಳ್ಳಿ ಹಳ್ಳಿ ತಿರುಗಿ ಮೂವತ್ತಕ್ಕೂ ಹೆಚ್ಚು ಪಾಠಗಳನ್ನು ಕೂಡಿಹಾಕಿದರು; ೧೯೧೬ರಲ್ಲಿ ಅವರು ಯುದ್ಧದಲ್ಲಿ ಮಡಿದರು, ಪುಸ್ತಕ ೧೯೨೩ರಲ್ಲಿ ಹೊರಬಂತು. ೧೯೩೩ರಲ್ಲಿ ಚೇಂಬರ್ಸರು ಅದೇ ವಿಷಯದ ಮೇಲೆ ಗ್ರಂಥ ಬರೆದರು. ಹಳೆಯ ಕ್ರಿಯೆಯೊಂದರ ಅವಶೇಷವೆಂಬ ಮಾತು ಆ ಕಾಲದಲ್ಲಿ ಹೆಚ್ಚುಕಡಿಮೆ ಸಿದ್ಧಾಂತವೇ ಆಗಿಹೋಯಿತು.

ಆದರೆ ೧೯೭೦ರ ಈಚೆಗೆ ಬಂದ ಸಂಶೋಧಕರು ಒಂದು ಸರಳವಾದ ಕೆಲಸ ಮಾಡಿದರು. ಕಾಗದಪತ್ರ ತೆಗೆದು, ಈ ಆಟದ ಅತಿ ಹಳೆಯ ದಾಖಲೆ ಎಂದಿನದೆಂದು ನೋಡಿದರು. ಹದಿನೆಂಟನೆಯ ಶತಮಾನದಿಂದ ಹಿಂದಕ್ಕೆ ಅವರಿಗೆ ಇಂಥ ಪಾಠ ಸಿಕ್ಕಲಿಲ್ಲ. ಲಿಂಕನ್‌ಶಾಯರಿನ ರೆವ್ಸ್‌ಬಿಯ ಪ್ರಸಿದ್ಧ ಪಾಠ ೧೭೭೯ರದು. ಸಂತೆಯಲ್ಲಿ ಕಾಸಿಗೊಂದರಂತೆ ಮಾರಾಟವಾಗುತ್ತಿದ್ದ ಚಿಕ್ಕ ಪುಸ್ತಕಗಳೂ ಈ ಆಟವನ್ನು ಹಬ್ಬಿಸಿವೆ. ವೇಷ ಹಾಕಿ ಮನೆಮನೆಗೆ ಹೋಗುವ ಚಾಳಿ ಅದಕ್ಕಿಂತ ಎಷ್ಟೋ ಹಳೆಯದು, ಅದರಲ್ಲಿ ಸಂಶಯವಿಲ್ಲ. ಆದರೆ ಜಾರ್ಜ, ತುರ್ಕ, ವೈದ್ಯ ಇವರ ಮಾತುಕತೆ ಮಾತ್ರ ಯಾರೋ ಒಬ್ಬಿಬ್ಬರು ಜಾಣರು ತಮ್ಮ ಕಾಲದ ನಗೆಗಾಗಿ ಬರೆದದ್ದು. ಹಳೆಯ ನಡಾವಳಿಯ ಮೈಮೇಲೆ ಹೊಸ ಅಂಗಿ ಬಂದಿತ್ತು. ಪಂಡಿತರು ಅಂಗಿಯನ್ನೇ ಮೈಯೆಂದು ತಿಳಿದರು.

ಈಗ ನಮ್ಮ ಸೀಮೆಗೆ ಮರಳೋಣ. ಜೋಕುಮಾರನ ವಿಷಯದಲ್ಲಿ ಆ ಪಂಡಿತರ ಊಹೆಯೆಲ್ಲ ಒಪ್ಪುತ್ತದೆ. ಇಲ್ಲಿ ಸಾವು ಇದೆ, ಮಳೆಯಿದೆ, ಬಿತ್ತಿಗೆಯಿದೆ. ಅದನ್ನು ಹಾಡುವವರೇ ಬಾಯಿಬಿಟ್ಟು ಹೇಳುತ್ತಾರೆ, ಊಹಿಸಬೇಕಾಗಿಲ್ಲ. ಹಾಡಿಗೆ ಕರ್ತೃವಿಲ್ಲ, ಅಂಕಿತವಿಲ್ಲ. ಇಂಗ್ಲಂಡದಲ್ಲಿ ಹುಡುಕಿ ಸಿಕ್ಕದ್ದು ಇಲ್ಲಿ ಅಂಬಿಗರ ಹೆಂಗಸರ ಬುಟ್ಟಿಯಲ್ಲಿತ್ತು ಎಂದರೆ ತಪ್ಪಾಗಲಾರದು. ಘಟಪ್ರಭೆಯ ದಂಡೆಯ ಘೋಡಗೇರಿಯಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ೧೯೭೨ರಲ್ಲಿ ‘ಜೋಕುಮಾರಸ್ವಾಮಿ’ ನಾಟಕ ಬರೆದಾಗ ಪಟ್ಟಣದ ಪ್ರೇಕ್ಷಕರಿಗೆ ಅದು ಹೊಸದಾಗಿ ಕಂಡಿತು. ಹಳ್ಳಿಯವರಿಗೆ ಹೊಸದಾಗಿದ್ದದ್ದು ಹೆಸರಿನ ಮುಂದೆ ಟಿಕೀಟು ಬಂದದ್ದಷ್ಟೇ.

ಆದರೆ ಇದೇ ನೆಲದಲ್ಲಿ ಇನ್ನೊಂದು ಆಟವಿದೆ. ಅದು ಮನೆಬಾಗಿಲಿಗೆ ಬರುವುದಿಲ್ಲ. ಊರೇ ಅದರ ಬಳಿಗೆ ಹೋಗಬೇಕು. ಅದು ‘ಶ್ರೀಕೃಷ್ಣ ಪಾರಿಜಾತ’. ನಾರದ ತಂದ ಪಾರಿಜಾತದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಡುತ್ತಾನೆ, ಸುದ್ದಿ ಸತ್ಯಭಾಮೆಗೆ ಮುಟ್ಟುತ್ತದೆ. ಮುಂದಿನದೆಲ್ಲ ಸವತಿಯರ ಮನೆಯ ಕಥೆ. ಪುರಾಣದ ಎಳೆ ಇಷ್ಟು ತೆಳುವಾಗಿದ್ದರೂ ಇರುಳಿಡೀ ಅದು ಸಾಲುತ್ತದೆ. ಏಕೆಂದರೆ ನಡುವೆ ಗೊಲ್ಲತಿ ಬರಬೇಕು, ಕೊರವಂಜಿ ಬಂದು ಕಣಿ ಹೇಳಬೇಕು, ಇವರೆಲ್ಲರನ್ನೂ ಕೆಣಕಲು ಭಾಗವತ ನಿಂತಿರಬೇಕು. ಪಾರಿಜಾತದ ಜೀವ ಈ ಭಾಗವತ. ಅವನು ಹಾಡುತ್ತಾನೆ, ಹಾಡಿನ ಅರ್ಥ ಬಿಡಿಸುತ್ತಾನೆ, ಸತ್ಯಭಾಮೆ ‘ನಾನು ಯಾರು ಗೊತ್ತೆ?’ ಎಂದು ಸೆಡೆತು ನಿಂತರೆ ಗೊತ್ತೇ ಇಲ್ಲದವನಂತೆ ನಟಿಸುತ್ತಾನೆ. ಹಾರ್ಮೋನಿಯಂ, ತಬಲ, ತಾಳ ಇವಿಷ್ಟೇ ವಾದ್ಯ. ದೊಡ್ಡಾಟದ ಭುಜಕೀರ್ತಿ, ಕಿರೀಟಗಳ ಆರ್ಭಟ ಇಲ್ಲಿಲ್ಲ. ಕುಣಿತಕ್ಕಿಂತ ಹಾಡು ಹೆಚ್ಚು, ಹಾಡಿಗಿಂತ ಮಾತು ರುಚಿ.

ಇದನ್ನೂ ನಾವು ‘ಅನಾದಿ’ಯ ಲೆಕ್ಕಕ್ಕೆ ಸೇರಿಸುತ್ತೇವೆ. ಸೇರಿಸಬಾರದು. ಪಾರಿಜಾತಕ್ಕೆ ಕರ್ತೃವಿದ್ದಾನೆ. ಅಪರಾಳ ತಮ್ಮಣ್ಣನೆಂಬವನು ಇದನ್ನು ರಚಿಸಿದನೆಂದೂ, ಕುಲಗೋಡದ ತಮ್ಮಣ್ಣನು ಅದನ್ನು ಬೆಳೆಸಿ, ಅಟ್ಟಕ್ಕೇರಿಸಿ ಊರೂರಿಗೆ ಒಯ್ದನೆಂದೂ ಪರಂಪರೆ ಹೇಳುತ್ತದೆ. ಕುಲಗೋಡ ಮುಧೋಳದಿಂದ ಪಡುವಣಕ್ಕೆ, ಗೋಕಾವಿಯ ಸೀಮೆಯಲ್ಲಿದೆ, ದೂರವೇನಲ್ಲ. ಸುಮಾರು ಎರಡು ಶತಮಾನದ ಮಾತು ಇದು. ಹರಿವಂಶದ ಕಥೆ ಹಳೆಯದು. ಆದರೆ ನಮ್ಮ ಜಾತ್ರೆಯ ಅಟ್ಟದ ಮೇಲೆ ಸತ್ಯಭಾಮೆ ಆಡುವ ಮಾತು ಒಬ್ಬ ಕವಿಯ ತಲೆಯಿಂದಲೂ ಒಬ್ಬ ಆಟಗಾರನ ಕೈಯಿಂದಲೂ ಹೊರಟದ್ದು. ಅವರಿಬ್ಬರ ಹೆಸರೂ ತಮ್ಮಣ್ಣನೇ ಆದದ್ದರಿಂದ, ಒಬ್ಬನ ಕೀರ್ತಿಯನ್ನು ಇನ್ನೊಬ್ಬನ ಖಾತೆಗೆ ಹಾಕುವವರು ಇನ್ನೂ ಇದ್ದಾರೆ.

ಜನಪದವೆಂದ ಕೂಡಲೆ ಹೆಸರೂ ಇಲ್ಲ, ತೇದಿಯೂ ಇಲ್ಲ ಎನ್ನುವುದು ಎಷ್ಟು ತಪ್ಪೆಂಬುದಕ್ಕೆ ಮುಧೋಳದ ಹತ್ತಿರದ ಇನ್ನೊಂದು ಸಂಗತಿಯಿದೆ. ೧೮೫೭ರಲ್ಲಿ ಹಲಗಲಿಯ ಬೇಡರು ಸರಕಾರಕ್ಕೆ ಹತಾರು ಒಪ್ಪಿಸಲಾರೆವೆಂದು ಎದ್ದುನಿಂತರು. ಆ ಬಂಡಾಯದ ಮೇಲೆ ಲಾವಣಿ ಹುಟ್ಟಿತು. ಮುಂಬಯಿ ಸರಕಾರದ ಅಧಿಕಾರಿ, ಶಾಸನತಜ್ಞ ಫ್ಲೀಟ ಸಾಹೇಬರು ಕನ್ನಡ ಲಾವಣಿಗಳನ್ನು ಬರೆಯಿಸಿಕೊಂಡು ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದಾಗ ಹಲಗಲಿಯದೂ ಅವುಗಳಲ್ಲಿತ್ತು. ಅವರು ಆ ಕೆಲಸಕ್ಕೆ ಕೈಹಾಕಿದ್ದು ೧೮೮೦ರ ದಶಕದಲ್ಲಿ. ಘಟನೆ ನಡೆದು ಮೂವತ್ತು ವರ್ಷಗಳ ಆಚೀಚೆ ಅದು ಆಗಲೇ ‘ಜನಪದ ಹಾಡು’! ಹಲಗಲಿಯಲ್ಲಿ ಆ ದಿನ ಕಣ್ಣಾರೆ ಕಂಡವರು ಆಗ ಇನ್ನೂ ಬದುಕಿದ್ದಿರಲೇಬೇಕು.

ಪಾರಿಜಾತ ಹಬ್ಬಿದ ಕಾಲದಲ್ಲಿ ಈ ನಾಲ್ಕು ಊರುಗಳ ಸ್ಥಿತಿ ಹೇಗಿತ್ತೆಂಬುದನ್ನೂ ನೋಡಿರಿ. ಜಮಖಂಡಿ ಪಟವರ್ಧನರ ಸಂಸ್ಥಾನ, ಬನಹಟ್ಟಿ ಅದರೊಳಗಿತ್ತು. ಅದಕ್ಕೆ ಅಂಟಿಕೊಂಡ ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದು. ಮುಧೋಳ ಘೋರ್ಪಡೆಯವರದು. ಬೀಳಗಿ ಬ್ರಿಟಿಶರ ವಿಜಾಪುರ ಜಿಲ್ಲೆಯೊಳಗೆ. ಬನಹಟ್ಟಿಯ ನೇಕಾರ ರಬಕವಿಯ ಅಂಗಡಿಗೆ ಹೋದರೆ ರಾಜ್ಯ ಬದಲಾಗುತ್ತಿತ್ತು. ೧೯೪೮ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತಕ್ಕೆ ಸೇರಿ, ೧೯೫೬ರಲ್ಲಿ ಈ ಭಾಗವೆಲ್ಲ ಮೈಸೂರು ರಾಜ್ಯಕ್ಕೆ ಬಂದು, ೧೯೯೭ರಲ್ಲಿ ಬಾಗಲಕೋಟೆ ಜಿಲ್ಲೆಯಾಗುವವರೆಗೆ ಗಡಿಗಳು ಬದಲಾಗುತ್ತಲೇ ಇದ್ದವು. ಪಟವರ್ಧನರ ದರಬಾರಿನ ಭಾಷೆ ಮರಾಠಿ. ಕನ್ನಡದ ಆಟಕ್ಕೆ ಅರಮನೆಯ ಆಸರೆ ಸಿಕ್ಕುವುದು ಕಷ್ಟವೇ ಆಗಿತ್ತು. ಅದನ್ನು ಸಾಕಿದ್ದು ಮಗ್ಗದವರು, ಒಕ್ಕಲಿಗರು, ಜಾತ್ರೆಯ ಪಟ್ಟಿ ಎತ್ತಿದ ಪಂಚರು.

ಇಲ್ಲೊಂದು ವಿನೋದವಿದೆ. ೧೮೪೨ರಲ್ಲಿ ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳವೊಂದು ಸಾಂಗಲಿಗೆ ಹೋಗಿ ಆಟವಾಡಿತು. ಅದನ್ನು ನೋಡಿದ ಸಾಂಗಲಿಯ ದೊರೆ, ನಮ್ಮಲ್ಲಿಯೂ ಇಂಥದೊಂದು ಆಗಲೆಂದು ವಿಷ್ಣುದಾಸ ಭಾವೆಯವರಿಗೆ ಹೇಳಿದರು. ಮರುವರ್ಷ, ೧೮೪೩ರಲ್ಲಿ, ‘ಸೀತಾಸ್ವಯಂವರ’ ರಂಗಕ್ಕೆ ಬಂತು. ಮರಾಠಿ ರಂಗಭೂಮಿ ತನ್ನ ಹುಟ್ಟನ್ನು ಎಣಿಸುವುದು ಅಂದಿನಿಂದ. ಆ ದೊರೆಯೇ ರಬಕವಿಗೂ ದೊರೆ. ತನ್ನ ಸೀಮೆಯ ಸುತ್ತಲೂ ಕನ್ನಡದ ಅಟ್ಟಗಳಿದ್ದಾಗ ದೂರದ ಕರ್ಕಿಯವರಿಂದ ಪ್ರೇರಣೆ ಪಡೆಯಬೇಕಾಗಿ ಬಂತು. ಅಂಗಳದ ಗಿಡ ಮದ್ದಲ್ಲವಷ್ಟೆ!

ಇನ್ನು ನನಗೆ ಬಹಳ ಮುಖ್ಯವೆಂದು ತೋರುವ ಮಾತಿಗೆ ಬರುತ್ತೇನೆ. ಇಂಗ್ಲಂಡದ ಮಮ್ಮರರ ಆಟದಲ್ಲಿ ಹೆಂಗಸರಿಗೆ ಜಾಗವಿರಲಿಲ್ಲ. ಥಾಮಸ್ ಹಾರ್ಡಿಯ ೧೮೭೮ರ ಕಾದಂಬರಿ ‘ದಿ ರಿಟರ್ನ್ ಆಫ್ ದಿ ನೇಟಿವ್’ ಓದಿದವರಿಗೆ ನೆನಪಿದ್ದೀತು: ಕಥಾನಾಯಕಿ ತುರ್ಕನ ಪಾತ್ರವನ್ನು ಗುಟ್ಟಾಗಿ ಒಬ್ಬ ಹುಡುಗನಿಂದ ಕೇಳಿ ಪಡೆದು, ಗಂಡುವೇಷದಲ್ಲಿ ಮುಖ ಮರೆಸಿ ಆಡಬೇಕಾಗುತ್ತದೆ. ಪಾರಿಜಾತದಲ್ಲಿಯೂ ಸತ್ಯಭಾಮೆಯ ಸೀರೆಯನ್ನು ಉಡುತ್ತಿದ್ದವರು ಗಂಡಸರೇ. ಆದರೆ ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಕುಲಗೋಡದ ನೆರೆಯ ಕೌಜಲಗಿಯ ನಿಂಗಮ್ಮ ಅಟ್ಟ ಹತ್ತಿದಳು. ಮುಖ ಮರೆಸಿಕೊಂಡಲ್ಲ, ತನ್ನ ಹೆಸರಿನಿಂದ. ‘ಕೌಜಲಗಿ ನಿಂಗಮ್ಮನ ಪಾರಿಜಾತ’ವೆಂದು ಜನ ಗಾಡಿ ಕಟ್ಟಿಕೊಂಡು ಹೋಗುವಂತಾಯಿತು. ಕವಿಯ ಹೆಸರು ಹಿಂದೆ ಸರಿದು ಆಟಗಾರ್ತಿಯ ಹೆಸರು ಆಟಕ್ಕೆ ಅಂಟಿತು. ಅವಳ ದಾರಿಯಲ್ಲಿ ಎಷ್ಟೋ ಹೆಂಗಸರು ಬಂದರು.

ಹಾಗೆ ಬಂದವರಲ್ಲಿ ಬಹಳ ಮಂದಿ ದೇವದಾಸಿಯರ ಮನೆಗಳವರು. ರಾತ್ರಿ ಅಟ್ಟದ ಮೇಲೆ ಸತ್ಯಭಾಮೆಗೆ ಕೈಮುಗಿದ ಊರು, ಹಗಲು ಅದೇ ಹೆಂಗಸನ್ನು ಯಾವ ಕಣ್ಣಿನಿಂದ ನೋಡುತ್ತಿತ್ತೆಂಬುದನ್ನು ವಿಸ್ತರಿಸಬೇಕಾಗಿಲ್ಲ. ೧೯೮೨ರಲ್ಲಿ ಕರ್ನಾಟಕ ಸರಕಾರ ದೇವದಾಸಿ ಬಿಡುವುದನ್ನು ಕಾನೂನಿನಿಂದ ನಿಷೇಧಿಸಿತು, ಸರಿಯಾದ ಕೆಲಸ. ಆದರೆ ಆ ಮನೆಗಳಲ್ಲಿ ಉಳಿದಿದ್ದ ಹಾಡಿನ ಲೆಕ್ಕವನ್ನು ಯಾರೂ ಕೇಳಲಿಲ್ಲ. ನಾಟಕ, ಸಿನೆಮಾಗಳ ಕಡೆ ಹೊರಟವರ ಹೆಸರು ಉಳಿಯಿತು: ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿಯ ದನಿಯನ್ನು ೧೯೪೩ರ ‘ಕಿಸ್ಮತ್’ ಚಿತ್ರ ದೇಶಕ್ಕೆಲ್ಲ ಮುಟ್ಟಿಸಿತು, ಅವಳ ಅಕ್ಕ ಗೋಹರಬಾಯಿ ಬಾಲಗಂಧರ್ವರ ಜೊತೆ ರಂಗದ ಮೇಲೆ ನಿಂತಳು. ಹಳ್ಳಿಯ ಅಟ್ಟದಲ್ಲಿಯೇ ಉಳಿದವರು ‘ಜಾನಪದ ಕಲಾವಿದೆಯರು’ ಎಂಬ ಒಂದೇ ಶಬ್ದದೊಳಗೆ ಕರಗಿಹೋದರು. ‘ಅನಾದಿ’ ಎಂಬ ಹೊಗಳಿಕೆಯ ಮೇಲೆ ನನಗಿರುವ ಸಿಟ್ಟು ಇದೇ. ಅನಾದಿಯಾದದ್ದಕ್ಕೆ ಒಡೆಯರಿಲ್ಲ, ಒಡೆಯರಿಲ್ಲದ್ದಕ್ಕೆ ಸಂಭಾವನೆಯೂ ಇಲ್ಲ.

ಹಾರ್ಡಿ ಅದೇ ಕಾದಂಬರಿಯಲ್ಲಿ ಒಂದು ಸೂಕ್ಷ್ಮವನ್ನು ಗುರುತಿಸಿದ್ದಾನೆ. ಹೊಸದಾಗಿ ಎಬ್ಬಿಸಿದ ಹಳೆಯ ಆಟದಲ್ಲಿ ಉತ್ಸಾಹ ತುಂಬಿ ತುಳುಕುತ್ತದೆ. ವಂಶದಿಂದ ಬಂದ ಆಟವನ್ನು ಆಡುವವರಲ್ಲಿ ಅಂಥ ಹುರುಪು ಕಾಣುವುದಿಲ್ಲ, ಮಾಡಲೇಬೇಕಾದ ಕೆಲಸವೆಂಬಂತೆ ಮಾಡುತ್ತಾರೆ ಎಂಬುದು ಅವನ ಮಾತಿನ ತಾತ್ಪರ್ಯ. ಗ್ಲೌಸ್ಟರ್‌ಶಾಯರಿನ ಮಾರ್ಷ್‌ಫೀಲ್ಡ್ ಎಂಬ ಊರಿನಲ್ಲಿ ನಿಂತುಹೋಗಿದ್ದ ಆಟವನ್ನು ೧೯೩೦ರ ದಶಕದಲ್ಲಿ ಮತ್ತೆ ಎಬ್ಬಿಸಿದರು. ಮೈತುಂಬ ಕಾಗದದ ಪಟ್ಟಿಗಳನ್ನು ಇಳಿಬಿಟ್ಟುಕೊಂಡು ಡಿಸೆಂಬರ ೨೬ಕ್ಕೆ ಆಡುತ್ತಾರೆ, ನೋಡಲು ಪರವೂರಿನಿಂದಲೂ ಜನ ನೆರೆಯುತ್ತದೆ. ಜೋಕುಮಾರನನ್ನು ಹೊತ್ತು ನಡೆಯುವ ಹೆಂಗಸಿನ ಮುಖದಲ್ಲಿ ಉತ್ಸಾಹ ಹುಡುಕಬೇಡಿರಿ. ಅವಳಿಗೆ ಅದು ದಂದುಗ. ಸಂಜೆಯೊಳಗೆ ಇನ್ನೂ ಎರಡು ಓಣಿ ಮುಗಿಯಬೇಕು, ಮೊರದ ಜೋಳ ಕಟ್ಟಿಕೊಳ್ಳಬೇಕು.

ಈ ದಂದುಗಕ್ಕೆ ದಾರಿಯ ಲೆಕ್ಕವಿರುತ್ತದೆ. ಯಾವ ಮನೆಗೆ ಮೊದಲು, ಯಾವ ಕೇರಿಗೆ ಕೊನೆಗೆ, ಯಾವ ಹಳ್ಳಿ ಯಾರ ಪಾಲಿಗೆ, ಕೊನೆಯ ರಾತ್ರಿ ಹೊಳೆಯ ಯಾವ ಮಗ್ಗುಲಿಗೆ. ಆಲಮಟ್ಟಿಯ ಆಣೆಕಟ್ಟಿನ ಹಿನ್ನೀರು ಏರಿದಾಗ ಬೀಳಗಿ ತಾಲೂಕಿನ ಎಷ್ಟೋ ಹಳ್ಳಿಗಳು ಎತ್ತರದ ಪುನರ್ವಸತಿ ಕೇಂದ್ರಗಳಿಗೆ ಏರಿ ಬಂದವು. ಮನೆಗಳಿಗೆ ನಂಬರು ಬಂದವು, ರಸ್ತೆಗಳು ನೆಟ್ಟಗಾದವು. ಆದರೆ ಹಳೆಯ ಕೇರಿಗಳ ಸಾಲು ಕದಡಿದ ಮೇಲೆ ಬುಟ್ಟಿಯ ದಾರಿಯೂ ಕದಡದೆ ಇದ್ದೀತೆ? ಪಾರಿಜಾತವನ್ನು ಪುಸ್ತಕ ಮಾಡಿ ಇಡಬಹುದು. ಅಟ್ಟ ಎಲ್ಲಿ ಕಟ್ಟಿದರೂ ಅದು ನಡೆದೀತು. ರಬಕವಿ-ಬನಹಟ್ಟಿಯಲ್ಲಿ ಕೈಮಗ್ಗದ ಜಾಗಕ್ಕೆ ವಿದ್ಯುತ್ ಮಗ್ಗ ಬಂದು ಇರುಳೂ ಹಗಲೂ ಸದ್ದು ಮಾಡುತ್ತಿದ್ದರೂ, ಜಾತ್ರೆಯ ಒಂದು ರಾತ್ರಿ ಬಿಡುವು ಸಿಕ್ಕರೆ ಸಾಕು. ಜೋಕುಮಾರನದು ಹಾಗಲ್ಲ. ಅವನ ಹಾಡುಗಳನ್ನು ಬರೆದಿಡಬಹುದು, ಧ್ವನಿಮುದ್ರಿಸಬಹುದು, ಬಾನುಲಿಯಲ್ಲಿ ಕೇಳಿಸಬಹುದು. ಬಾಗಿಲು ತೆರೆದು ಮೊರ ಹಿಡಿದು ಹೊರಗೆ ಬರುವವರಿಲ್ಲದೆ ಅವನು ಬರಲಾರ.

ಈ ಭಾದ್ರಪದದಲ್ಲಿ ನಿಮ್ಮ ಊರಿನ ಸುತ್ತಿನ ಯಾವುದಾದರೂ ಹಳ್ಳಿಗೆ ಹೋಗುವ ಸಂದರ್ಭ ಬಂದರೆ ಬುಟ್ಟಿ ಇಳಿಸಿದ ಅಂಗಳದಲ್ಲಿ ತುಸು ನಿಲ್ಲಿರಿ. ಹಾಡು ಮುಗಿದ ಮೇಲೆ, ಹಾಡಿದವಳ ಹೆಸರೇನು, ಅವಳಿಗೆ ಕಲಿಸಿದವರು ಯಾರು ಎಂದು ಕೇಳಿರಿ. ಅತ್ತೆಯ ಹೆಸರು ಹೇಳಿಯಾಳು, ಅತ್ತೆಯ ಅತ್ತೆಯ ಹೆಸರೂ ಹೇಳಿಯಾಳು. ಅದನ್ನು ಬರೆದುಕೊಳ್ಳಿರಿ. ಬೆಣ್ಣೆ ತರುವುದನ್ನು ಮರೆಯಬೇಡಿರಿ. ಅವನ ತುಟಿ ಒಣಗಿರಬಾರದು.